ಮೂಡಿದ ಹೊತ್ತು

ಡೆ ಆರ್ ಜಂಕ್ಷನ್ನಿನಲ್ಲಿ ಈಗ
ದಿನಕ್ಕೆ ಎರಡೋ ಮೂರೋ ಗೂಡ್ಸು,
ಅದಿರು ಹೊತ್ತು ಕಡಲ ಕಡೆಗೆ.
ಪ್ರಯಾಣಿಕರ ಬೆಂಚಿನ ಮೇಲೆ ಕರೂ ಬಯಲಿನ ದೂಳು
ಟಿಕೆಟ್ಟಿಲ್ಲದೆ ಕೂತಿದೆ.

ನಿವೃತ್ತ ಸ್ಟೇಷನ್ ಮಾಸ್ತರ ಬಾರೆಂಟ್ ಫೂರಿ
ನಲವತ್ತೊಂದು ವರ್ಷ ಕ್ರಾಸಿಂಗು ನೋಡಿದವನು.
ಕೈಮರ ಇಳಿದದ್ದು, ಏರಿದ್ದು,
ಯಾವ ಬಂಡಿ ಯಾವುದಕ್ಕೆ ದಾರಿ ಬಿಟ್ಟು ನಿಂತಿತು, ಎಷ್ಟು ಹೊತ್ತು,
ಎಲ್ಲ ನೀಲಿ ಶಾಯಿಯಲ್ಲಿ.
ಅದೇ ರಿಜಿಸ್ಟರಿನ ಉಳಿದ ಹಾಳೆಗಳಲ್ಲಿ ಈಗ
ಗುರುಗ್ರಹದ ಚಂದ್ರರ ಓಡಾಟ ಬರೆಯುತ್ತಾನೆ.

ಆರು ವರ್ಷಕ್ಕೊಮ್ಮೆ, ಹೇಳುತ್ತಾನೆ,
ಅವುಗಳ ದಾರಿ ನಮಗೆ ಬರೀ ಅಂಚಾಗಿ ಕಾಣುತ್ತದೆ,
ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಂತೆ.
ಆಗ ಒಂದು ಇನ್ನೊಂದರ ಎದುರು ಹಾಯುತ್ತದೆ;
ಅದು ಮರೆ, ಅಷ್ಟೆ. ಕಂಬದ ಹಿಂದೆ ಮನುಷ್ಯ ಹೋದ ಹಾಗೆ.
ಒಂದರ ನೆರಳು ಇನ್ನೊಂದರ ಮೇಲೆ ಬಿದ್ದರೆ ಗ್ರಹಣ.
ಇದಕ್ಕೆ ದರ್ಭೆಯಿಲ್ಲ, ಉಪವಾಸವಿಲ್ಲ, ಸ್ನಾನವಿಲ್ಲ.
ಸೋಜಿಗ ಒಂದೇ:
ನೆರಳು ಹಾಕಿದ್ದು ಅಷ್ಟು ದೂರದಲ್ಲಿ,
ತನಗೇನೂ ಗೊತ್ತಿಲ್ಲವೆಂಬಂತೆ
ಬೆಳಗುತ್ತ ನಿಂತಿರುತ್ತದೆ.

ಹೋದ ಚಳಿಗಾಲದಿಂದ ಅವನ ಬಲಗಣ್ಣಿಗೆ ಪೊರೆ.
ಎಡಗಣ್ಣು ಗಡಿಯಾರಕ್ಕೆ ಸಾಕು, ಚಂದ್ರರಿಗೆ ಸಾಲದು.
ದೂರದರ್ಶಕಕ್ಕೆ ಕಣ್ಣಿಟ್ಟವಳು
ಔಷಧದಂಗಡಿಯ ಝುಕಿಸ್ವ ಮಬಾಂಡ್ಲ.
ಕಣ್ಣಿನ ಹನಿಗೆ ಚೀಟಿ ಕೇಳಿದವಳೇ
ಕಣ್ಣು ಇಷ್ಟು ಅವಸರವಾಗಿ ಯಾಕೆ ಬೇಕು ಅಂತಲೂ ಕೇಳಿದ್ದಳು.
ಹತ್ತೊಂಬತ್ತರ ಹುಡುಗಿ. ಅಣ್ಣನ ಕೋಟು, ಎರಡು ಜೊತೆ ಕಾಲುಚೀಲ.
ಆಗಸ್ಟಿನ ರಾತ್ರಿ, ಕುರಿಗಳ ತೊಟ್ಟಿಯ ನೀರಿಗೆ
ಹಲ್ಲು ಬಂದಿತ್ತು.

ಒಪ್ಪಂದ ಇಷ್ಟೇ: ಚುಕ್ಕಿ ಆರಿದಾಗ 'ನೌ' ಅನ್ನಬೇಕು,
ಮತ್ತೆ ಹತ್ತಿದಾಗ 'ನೌ' ಅನ್ನಬೇಕು.
ಈಗ ಎಂಬುದಕ್ಕೆ ಅವನ ಆಫ್ರಿಕಾನ್ಸಿನಲ್ಲಿ ಅಷ್ಟೇ ಮಾತು.
ಒತ್ತುವುದು ಅವನ ಹೆಬ್ಬೆರಳು.

ಮೊದಲು ಏನೂ ಇಲ್ಲ.
ನಾಲ್ಕು ಚುಕ್ಕಿ, ನಡುವೆ ಪಟ್ಟೆ ಪಟ್ಟೆ ಗುರು.
ಆಮೇಲೆ ಯೂರೋಪಾ ಕೊಂಚ ಸೊರಗಿತೇ?
ಇಲ್ಲ, ಕಣ್ಣೀರಿರಬೇಕು. ಒರೆಸಿಕೊಂಡಳು.
ಲಾಟೀನಿನ ತಿರುಪನ್ನು ಯಾರೋ ಆತುರವಿಲ್ಲದೆ
ಇಳಿಸಿದರು, ಇನ್ನೂ ಇಳಿಸಿದರು.
ಪಕ್ಕದಲ್ಲಿ ಗ್ಯಾನಿಮೀಡ್, ಭೇಷಾಗಿ, ತುಂಬು ಬೆಳಕಿನಲ್ಲಿ.
"ನೌ!"
ಕಟ್ ಎಂದಿತು ಗಡಿಯಾರ.

ಕಾದರು.
ಅವಳ ಉಸಿರು ಲೋಹದ ಮೇಲೆ ಹರಳುಗಟ್ಟಿತು.
ಅವನು ಒಂದು ಕೆಮ್ಮನ್ನು ನಿಮಿಷಗಟ್ಟಲೆ
ಬಾಯಲ್ಲೇ ಇಟ್ಟುಕೊಂಡ.
"ಇವೆಲಿಲೆ," ಎಂದಳು ಮೆಲ್ಲಗೆ.
ಅವನು ಸುಮ್ಮನಿದ್ದ.
"ಇವೆಲಿಲೆ! ಇವೆಲಿಲೆ, ತಾತಾ!"
ಹೆಬ್ಬೆರಳು ಗುಂಡಿಯ ಮೇಲೆ, 'ನೌ' ಬರುವುದನ್ನೇ ಕಾಯುತ್ತ.
ಅಷ್ಟರಲ್ಲಿ ಚಂದ್ರ ಪೂರ್ತಿ ಬೆಳಗಿ
ತನ್ನ ಕೆಲಸಕ್ಕೆ ಹೋಗಿಯಾಗಿತ್ತು.

ಹಾಗಂದರೇನು?
"ಮೂಡಿತು ಅಂತ. ಬಾಯಿಗೆ ಅದೇ ಬಂತು.
ನಮ್ಮಜ್ಜನ ಹೆಸರಲ್ಲೂ ಅದೇ ಮಾತಿದೆ: ವೆಲಾಫಿ.
ಎಲ್ಲಿಂದ ಮೂಡಿದೆಯೋ, ಅಂತ.
ನಿಮ್ಮ ಸ್ಟೇಷನ್ನಿನಲ್ಲೇ ದೀಪ ಹಚ್ಚುತ್ತಿದ್ದ."

ಸಂಜೆ ಸಂಜೆ ಎಣ್ಣೆಯ ಡಬ್ಬಿ ಹಿಡಿದು
ಕೈಮರ ಹತ್ತುತ್ತಿದ್ದ ಎರಡು ಕಾಲು
ಮುದುಕನಿಗೆ ಜ್ಞಾಪಕವಿತ್ತು. ಹರಿದ ಎಡ ಬೂಟೂ.
ಸಂಬಳದ ಪಟ್ಟಿಯಲ್ಲಿ ಆ ಕಾಲುಗಳಿಗೆ
ಜಿಮ್ ಎಂದಿತ್ತು.
ಬರೆದದ್ದು ಅವನದೇ ಅಕ್ಷರ.
ಬಾಯಿ ತೆರೆದ; ಬಂದದ್ದು
ಅಷ್ಟು ಹೊತ್ತು ಇಟ್ಟುಕೊಂಡ ಕೆಮ್ಮು.

ದೀಪಕ್ಕೆ ಕೆಂಪು ಬಟ್ಟೆ ಸುತ್ತಿ ರಿಜಿಸ್ಟರು ತೆರೆದ.
ಮುಳುಗಿದ್ದು: ಒಂದು ಗಂಟೆ ಹದಿನಾಲ್ಕು ನಿಮಿಷ ಒಂಬತ್ತು ಸೆಕೆಂಡು.
ಮೂಡಿದ್ದು: ಖಾಲಿ.
ಪಕ್ಕದಲ್ಲಿ ರೈಲ್ವೆಯವರು ಅಚ್ಚು ಹಾಕಿಸಿದ ಕಲಮು,
ವಿಳಂಬಕ್ಕೆ ಕಾರಣ.
ಮೋಡ ಎಂದು ಬರೆಯಬಹುದಿತ್ತು.
'ದಾಖಲಿಸುವವನಿಗೆ ಭಾಷೆ ಬರುವುದಿಲ್ಲ' ಎಂದು ಬರೆದ.

ಆಮೇಲೆ ಪೆನ್ನು ಅವಳಿಗೆ ಕೊಟ್ಟ.
ಕಂಡವರ ಹೆಸರು. ನೀನೇ ಬರಿ. ಪೂರ್ತಿ ಬರಿ.
ಶಾಯಿ ಚಳಿಗೆ ಹೆಪ್ಪುಗಟ್ಟಿತ್ತು;
ಅವಳು ಪೆನ್ನನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಂಡು
ಅಜ್ಜನಿಂದ ಶುರುಮಾಡಿದಳು.

ಮುಂದಿನದು ಗುರುವಾರ, ಬೆಳಗಿನ ಜಾವ ಮೂರಕ್ಕೆ.
ಹೋಗುವಾಗ ಗೇಟಿನ ತನಕ ಬಂದ ಮುದುಕ
ಆ ಮಾತನ್ನು ಒಂದು ಸಲ ಅಂದು ನೋಡಿದ.
ತಪ್ಪು, ಎಂದಳು.
ಮತ್ತೆ ಅಂದ.